ಮದ್ದು ಮೈಯಲ್ಲಿ ಎಲ್ಲಿ ಕುಳಿತು ಕೆಲಸಮಾಡುತ್ತದೆ?

ಔಷಧವನ್ನು ಕಾಣದ ಮನೆಯಿಲ್ಲ. ಉಬ್ಬಸಕ್ಕೆ ಬಾಯಿಂದ ಎಳೆದುಕೊಳ್ಳುವ ಮದ್ದು, ನೆಗಡಿಗೆ ಗುಳಿಗೆ, ಕಣ್ಣಿನ ಪರೀಕ್ಷೆಗೆ ಹನಿ, ಹೀಗೆ ಒಂದಲ್ಲ ಒಂದು ನಮ್ಮೆಲ್ಲರ ಅನುಭವಕ್ಕೆ ಬಂದೇ ಇರುತ್ತದೆ. ಆದರೆ ನುಂಗಿದ ಗುಳಿಗೆ ಹೊಟ್ಟೆಗೆ ಹೋಗಿರಲು, ಮೂಗು ಸೋರುವುದು ಹೇಗೆ ನಿಂತಿತು? ಮೂಗಿನ ದಾರಿಯನ್ನು ಅದಕ್ಕೆ ತೋರಿಸಿದವರಾರು? ವಿಜ್ಞಾನದ ತರಗತಿಯಲ್ಲಿ ಹುಡುಗಿಯರು ಕೇಳತಕ್ಕ ಒಳ್ಳೆಯ ಪ್ರಶ್ನೆಗಳಲ್ಲಿ ಇದೊಂದು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಇದರ ಉತ್ತರವನ್ನು ತಿಳಿದಿರುವುದು ಮನೆಯ ಕ್ಷೇಮಕ್ಕೆ ಉಪಯುಕ್ತವೆಂದೆಣಿಸಿ ಈ ಲೇಖನವನ್ನು ಬರೆದಿದ್ದೇನೆ.

ಉತ್ತರವನ್ನು ಮೊದಲೇ ಸಂಕ್ಷೇಪವಾಗಿ ಹೇಳಿಬಿಡಬಹುದು. ಮದ್ದಿಗೆ ಯಾರೂ ದಾರಿ ತೋರಿಸುವುದಿಲ್ಲ. ಅದು ರಕ್ತದೊಡನೆ ಮೈಯೆಲ್ಲಾ ಸುತ್ತುತ್ತದೆ. ಆದರೆ ತನಗೆ ಹೊಂದುವ ಪೀಠ ಎಲ್ಲಿ ದೊರೆಯುವುದೋ ಅಲ್ಲಿ ಮಾತ್ರ ಕುಳಿತು ಕೆಲಸಮಾಡುತ್ತದೆ. ನಮ್ಮ ದೇಹದ ಜೀವಕಣಗಳ ಹೊರಪೊರೆಯಲ್ಲಿ ಪ್ರೋಟೀನಿನಿಂದಾದ ಇಂಥ ಪೀಠಗಳು ಅಸಂಖ್ಯಾತವಾಗಿವೆ. ಇವುಗಳಿಗೆ ರಿಸೆಪ್ಟರುಗಳೆಂದು ಹೆಸರು, ಕನ್ನಡದಲ್ಲಿ ಗ್ರಾಹಕಗಳೆನ್ನುತ್ತಾರೆ. ಇವು ಔಷಧಗಳಿಗಾಗಿ ಹುಟ್ಟಿದವಲ್ಲ. ನರಗಳೂ ಗ್ರಂಥಿಗಳೂ ಕಳುಹಿಸುವ ಸಂದೇಶಗಳನ್ನು ಅಂಗಗಳು ಕೇಳಿಸಿಕೊಳ್ಳುವುದಕ್ಕಾಗಿ ಇವು ಇರುತ್ತವೆ. ಬಹುಮಂದಿ ಔಷಧಗಳು ಈ ಸಂದೇಶವಾಹಕಗಳ ವೇಷವನ್ನು ತೊಟ್ಟು ಬಂದು ಪೀಠವನ್ನೇರುವ ಅತಿಥಿಗಳು ಮಾತ್ರ.

ಇದನ್ನು ತಿಳಿಯಲು ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಗುಬ್ಬಿಯ ಸುತ್ತಿನ ತೋಟಗಳಲ್ಲಿ ಬೆಳೆಯುವ ಅಡಿಕೆಯೂ, ಕುಣಿಗಲಿನ ದಾರಿಯ ಬೇಲಿಯ ಬದಿಯಲ್ಲಿ ಯಾರೂ ನೆಡದೆ ಬೆಳೆಯುವ ಉಮ್ಮತ್ತದ ಗಿಡವೂ ಈ ಪಾಠಕ್ಕೆ ಸಾಕಾದ ಸಾಮಗ್ರಿಗಳಾಗಿವೆ. ಏಕೆಂದರೆ ಇವೆರಡೂ ಒಂದೇ ಪೀಠಕ್ಕೆ ಬಂದು ಕೂರುತ್ತವೆ. ಕುಳಿತು, ಒಂದಕ್ಕೊಂದು ನೇರ ವಿರುದ್ಧವಾದ ಫಲವನ್ನು ಉಂಟುಮಾಡುತ್ತವೆ.

ಆ ಪೀಠವು ಯಾರದೆಂಬುದನ್ನು ಮೊದಲು ನೋಡೋಣ. ನಮ್ಮ ನರಗಳಲ್ಲಿ ಅನೇಕವು ತಮ್ಮ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ವಸ್ತುವನ್ನು ಸೂಸುತ್ತವೆ. 1921ರಲ್ಲಿ ಆಟೋ ಲೋವಿ ಎಂಬ ವಿದ್ವಾಂಸನು ಕಪ್ಪೆಯ ಹೃದಯವೊಂದರ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಮಾಡಿದನು. ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಲು, ನರದ ಪ್ರಚೋದನೆಯಿಲ್ಲದಿದ್ದರೂ ಅದೂ ನಿಧಾನವಾಯಿತು. ನರವು ಅಂಗದೊಡನೆ ರಾಸಾಯನಿಕ ವಸ್ತುವಿನ ಮೂಲಕ ಮಾತನಾಡುತ್ತದೆಂಬುದು ಹೀಗೆ ತೋರಿಬಂದಿತು. ಆ ವಸ್ತುವೇ ಅಸಿಟೈಲ್‌ಕೋಲೀನ್. ಈ ವಿಷಯದ ಸಂಶೋಧನೆಗಾಗಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ 1936ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಅಸಿಟೈಲ್‌ಕೋಲೀನ್ ಹೇಳುವ ಮಾತು ಒಂದೇ ಆದರೂ ಅದನ್ನು ಕೇಳಿದ ಅಂಗಗಳು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಬಾಯಿಯ ಗ್ರಂಥಿಗಳು ಜೊಲ್ಲು ಸುರಿಸುತ್ತವೆ, ಬೆವರಿನ ಗ್ರಂಥಿಗಳು ಬೆವರುತ್ತವೆ, ಕರುಳು ಚುರುಕಾಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಶ್ವಾಸನಾಳಗಳು ಬಿಗಿಯುತ್ತವೆ, ಹೃದಯವು ನಿಧಾನವಾಗುತ್ತದೆ. ಒಂದೇ ಗಂಟೆ ಬಾರಿಸಿದಾಗ ಒಂದು ತರಗತಿಯ ಹುಡುಗಿಯರು ಪುಸ್ತಕ ಮುಚ್ಚುವುದೂ ಇನ್ನೊಂದು ತರಗತಿಯವರು ತೆರೆಯುವುದೂ ಉಂಟಷ್ಟೆ. ಈ ಎಲ್ಲ ಅಂಗಗಳಲ್ಲಿರುವ ಪೀಠಗಳು ಮಸ್ಕರೀನಿಕ್ ಗ್ರಾಹಕಗಳೆಂಬ ಒಂದು ಮನೆತನಕ್ಕೆ ಸೇರಿವೆ. ಇವುಗಳಲ್ಲಿ ಐದು ಬಗೆಗಳುಂಟು. ನಾವು ಕೈಕಾಲು ಆಡಿಸುವ ಮತ್ತು ಉಸಿರೆಳೆಯುವ ಮಾಂಸಖಂಡಗಳಲ್ಲಿ ಅಸಿಟೈಲ್‌ಕೋಲೀನಿಗೆ ಇನ್ನೊಂದು ಮನೆತನದ ಪೀಠಗಳಿವೆ. ಇವು ನಿಕೋಟಿನಿಕ್ ಗ್ರಾಹಕಗಳು. ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಾಣದ ಪ್ರಶ್ನೆ ಬರುವಾಗ ಇವು ಬೇಕಾಗುತ್ತವೆ.

ಇನ್ನು ಅಡಿಕೆಯ ವಿಷಯ. ಅಡಿಕೆಯ ಮುಖ್ಯ ಸಾರಕ್ಕೆ ಅರೆಕೊಲೀನ್ ಎಂದು ಹೆಸರು. ಕೇರಳದ ಕರಾವಳಿಯವರು ಹೇಳುವ ‘ಅಡಕ್ಕ’ ಎಂಬ ಮಾತೇ ಪೋರ್ಚುಗೀಸರ ಬಾಯಲ್ಲಿ ‘ಅರೇಕ’ವಾಗಿ ಈ ಹೆಸರಿಗೆ ಮೂಲವಾಯಿತು, ನಮ್ಮ ‘ಅಡಿಕೆ’ಯು ಅದರ ಒಡಹುಟ್ಟು. ಅರೆಕೊಲೀನಿನ ಅಣುವಿನ ಆಕಾರವು ಅಸಿಟೈಲ್‌ಕೋಲೀನಿನ ಆಕಾರವನ್ನು ಸಾಕಷ್ಟು ಹೋಲುವುದರಿಂದ ಅದು ಮಸ್ಕರೀನಿಕ್ ಪೀಠದಲ್ಲಿ ಹೊಂದಿಕೊಂಡು ಕೂರುತ್ತದೆ. ಕುಳಿತ ಕೂಡಲೆ, ನರವು ಕರೆಯದಿದ್ದರೂ ಕರೆದಂತೆಯೇ ಗ್ರಂಥಿಯು ಜೊಲ್ಲು ಸುರಿಸುತ್ತದೆ. ಎಲೆ ಅಡಿಕೆ ಹಾಕಿಕೊಂಡವರ ಬಾಯಲ್ಲಿ ನೀರೂರುವುದು ಅಗಿಯುವುದರಿಂದಲೂ ರುಚಿಯಿಂದಲೂ ಮಾತ್ರವಲ್ಲ, ಈ ಕಾರಣದಿಂದಲೂ ಹೌದು. ಅಭ್ಯಾಸವಿಲ್ಲದವರಿಗೆ ಮೈ ಬಿಸಿಯಾಗಿ, ಬೆವರಿ, ತಲೆ ಸುತ್ತುವುದಕ್ಕೂ ಅಡಿಕೆಯ ಈ ಸಾರಗಳೇ ಕಾರಣ. ಹೀಗೆ ಪೀಠದಲ್ಲಿ ಕುಳಿತು ಅಂಗಕ್ಕೆ ಕೆಲಸ ಹಚ್ಚುವ ವಸ್ತುವನ್ನು ಪ್ರೇರಕವೆನ್ನೋಣ.

ವೀಳ್ಯಕ್ಕೆ ಸುಣ್ಣ ಸವರುವ ವಾಡಿಕೆಯಲ್ಲಿಯೂ ರಸಾಯನವಿದೆ. ಸುಣ್ಣದ ಕ್ಷಾರಗುಣವು ಅರೆಕೊಲೀನನ್ನು ಬಾಯಿಯ ಒಳಪೊರೆಯ ಮೂಲಕ ಸುಲಭವಾಗಿ ಒಳಕ್ಕೆ ಬಿಡುತ್ತದೆ. ಅದರ ಒಂದು ಭಾಗವನ್ನು ಅರೆಕೈಡೀನ್ ಎಂಬ ಬೇರೆ ವಸ್ತುವನ್ನಾಗಿಯೂ ಮಾಡುತ್ತದೆ. ಸಾಲದುದಕ್ಕೆ, ಅರೆಕೊಲೀನ್ ನಿಕೋಟಿನಿಕ್ ಮನೆತನದ ಕೆಲವು ಪೀಠಗಳ ಮೇಲೂ ಅಲ್ಪಸ್ವಲ್ಪ ಕೆಲಸಮಾಡುತ್ತದೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಮಿದುಳಿನ ಈ ಪೀಠಗಳೇ ಹೊಗೆಸೊಪ್ಪಿನ ಚಟಕ್ಕೆ ಕಾರಣವಾದವು. ಹೊಗೆಸೊಪ್ಪನ್ನು ಮುಟ್ಟದವರೂ ಅಡಿಕೆಯನ್ನು ಬಿಡಲಾರದೆ ಕಷ್ಟಪಡುವುದೇಕೆಂಬುದಕ್ಕೆ ಇದರಿಂದ ಒಂದು ಸಮಾಧಾನ ದೊರೆಯುತ್ತದೆ.

ಈಗ ಉಮ್ಮತ್ತವನ್ನು ನೋಡೋಣ. ಅದರ ಬೀಜದಲ್ಲಿಯೂ ಎಲೆಯಲ್ಲಿಯೂ ಅಟ್ರೋಪೀನ್ ಮತ್ತು ಅದರ ಜಾತಿಯ ಸಾರಗಳಿವೆ. ಇವೂ ಅದೇ ಮಸ್ಕರೀನಿಕ್ ಪೀಠಕ್ಕೆ ಬಂದು ಬಿಗಿಯಾಗಿ ಕೂರುತ್ತವೆ. ಆದರೆ ಯಾವ ಕೆಲಸವನ್ನೂ ಮಾಡಿಸುವುದಿಲ್ಲ. ಬೀಗದೊಳಕ್ಕೆ ಹೋಗಿಯೂ ತಿರುಗದ ಬೀಗದಕೈಯಂತೆ ಇವುಗಳ ರೀತಿ. ತಿರುಗದಿದ್ದರೆ ಹೋಗಲಿ, ಸರಿಯಾದ ಬೀಗದಕೈ ಒಳಕ್ಕೆ ಹೋಗದಂತೆಯೂ ಇದು ಅಡ್ಡವಾಗುತ್ತದೆ. ಆದಕಾರಣ ನರವು ಎಷ್ಟು ಕರೆದರೂ ಅಂಗಕ್ಕೆ ಕೇಳಿಸುವುದಿಲ್ಲ. ಬಾಯಿ ಒಣಗುತ್ತದೆ, ಬೆವರು ನಿಂತು ಮೈ ಸುಡುತ್ತದೆ, ಪಾಪೆ ಅಗಲವಾಗುತ್ತದೆ, ಹೃದಯವು ಓಡುತ್ತದೆ, ಮೂತ್ರ ಕಟ್ಟುತ್ತದೆ. ಮಿದುಳಿನಲ್ಲಿರುವ ಪೀಠಗಳೂ ಮುಚ್ಚಿಹೋಗಿ ಮನುಷ್ಯನು ಇಲ್ಲದ್ದನ್ನು ಕಂಡಂತೆ ಬಡಬಡಿಸುತ್ತಾನೆ. ಇಂಥ ವಸ್ತುವನ್ನು ತಡೆಗಾರವೆನ್ನೋಣ. ಮುಳ್ಳುಕಾಯಿಯನ್ನು ಆಟದ ವಸ್ತುವೆಂದು ಬಗೆದು ಚಿಕ್ಕ ಮಕ್ಕಳು ಬೀಜವನ್ನು ಬಾಯಿಗೆ ಹಾಕಿಕೊಂಡರೆ ಅದು ಪ್ರಾಣಕ್ಕೇ ಬರಬಹುದು. ಹಾಗಾದಾಗ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಪ್ರೇರಕವೂ ತಡೆಗಾರವೂ ಒಂದೇ ಪೀಠಕ್ಕಾಗಿ ಹೋರಾಡುತ್ತವೆಂಬ ವಿಚಾರವು ಹುಟ್ಟಿದುದು ಜೊಲ್ಲಿನ ಪರೀಕ್ಷೆಯಿಂದಲೇ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಕೇಂಬ್ರಿಜ್ಜಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಎಂಬುವನು 1878ರಲ್ಲಿ ಬೆಕ್ಕಿನ ಜೊಲ್ಲಿನ ಗ್ರಂಥಿಯ ಮೇಲೆ ಪೈಲೋಕಾರ್ಪೀನ್ ಎಂಬ ಪ್ರೇರಕವನ್ನೂ ಅಟ್ರೋಪೀನನ್ನೂ ಒಂದಾದ ಮೇಲೊಂದರಂತೆ ಪ್ರಯೋಗಿಸಿದನು. ಜೊಲ್ಲು ಸುರಿಯುವುದೂ ನಿಲ್ಲುವುದೂ ಅವೆರಡರ ಪ್ರಮಾಣದ ಮೇಲೆ ಹೋಗುತ್ತದೆಂಬುದನ್ನು ಕಂಡು, ಜೀವಕಣದಲ್ಲಿ ಯಾವುದೋ ಒಂದು ವಸ್ತುವಿನೊಡನೆ ಇವೆರಡೂ ಕೂಡಿಕೊಳ್ಳುತ್ತಿರಬೇಕೆಂದು ಊಹಿಸಿದನು. 1905ರಲ್ಲಿ ಕೋಳಿಯ ಮಾಂಸಖಂಡದ ಮೇಲೆ ನಿಕೋಟೀನನ್ನೂ ಕ್ಯುರಾರೆ ಎಂಬ ಬಾಣದ ವಿಷವನ್ನೂ ಪರೀಕ್ಷಿಸಿ, ಆ ವಸ್ತುವಿಗೆ ಗ್ರಹಿಸುವ ಪದಾರ್ಥವೆಂಬ ಅರ್ಥದ ಹೆಸರನ್ನಿಟ್ಟನು. ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಏರ್ಲಿಕ್ ಎಂಬುವನು ಬೇರೊಂದು ದಾರಿಯಿಂದ ಬಂದು ರಿಸೆಪ್ಟರ್ ಎಂಬ ಪದವನ್ನೇ ಬಳಕೆಗೆ ತಂದನು. ಅಂದು ಇದು ಕೇವಲ ಊಹೆ. ಎರಡು ಮಸ್ಕರೀನಿಕ್ ಗ್ರಾಹಕಗಳ ಆಕಾರವನ್ನು ಅಣು ಅಣುವಾಗಿ ಗುರುತಿಸಿ ಚಿತ್ರವಾಗಿ ಪ್ರಕಟಿಸಿದುದು 2012ರಲ್ಲಿ. ಇದೇ ದೊಡ್ಡ ಕುಲದ ಗ್ರಾಹಕಗಳ ಕುರಿತ ಸಂಶೋಧನೆಗೆ ಅದೇ ವರ್ಷ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯನ್ ಕೋಬಿಲ್ಕ ಎಂಬುವರಿಗೆ ನೊಬೆಲ್ ಪಾರಿತೋಷಕ ಬಂದಿತು. ಊಹೆಯಿಂದ ಚಿತ್ರದವರೆಗೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಬೀಗದಕೈಯ ಹೋಲಿಕೆಯಲ್ಲಿ ಒಂದು ತಿದ್ದುಪಡಿ ಅವಶ್ಯ. ಈ ಪೀಠದಲ್ಲಿ ಬಹುಮಟ್ಟಿನ ಔಷಧಗಳು ಶಾಶ್ವತವಾಗಿ ಕೂರುವುದಿಲ್ಲ. ಕ್ಷಣಕ್ಷಣಕ್ಕೂ ಏಳುತ್ತಾ ಕೂರುತ್ತಾ ಇರುತ್ತವೆ. ಬೀದಿಯ ನಲ್ಲಿಯ ಬಳಿ ಇಬ್ಬರು ಮನೆಯವರು ಕೊಡಗಳನ್ನು ತಂದಿದ್ದಾರೆನ್ನಿ. ಒಂದು ಕೊಡ ಎದ್ದೊಡನೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ; ಯಾರ ಕೊಡಗಳು ಹೆಚ್ಚೋ ಅವರಿಗೆ ನಲ್ಲಿ ಹೆಚ್ಚು ಹೊತ್ತು ಸಿಕ್ಕುತ್ತದೆ. ಹಾಗೆಯೇ ತಡೆಗಾರವು ಹೆಚ್ಚಾದರೆ ಅಂಗವು ಸುಮ್ಮನಾಗುತ್ತದೆ, ಪ್ರೇರಕವು ಹೆಚ್ಚಾದರೆ ತಡೆಯು ಸೋಲುತ್ತದೆ. 1926ರಲ್ಲಿ ಎ. ಜೆ. ಕ್ಲಾರ್ಕ್ ಎಂಬ ವೈದ್ಯವಿಜ್ಞಾನಿಯು ಇದನ್ನು ಲೆಕ್ಕಕ್ಕೆ ಇಳಿಸಿದನು. ವೈದ್ಯರು ಬರೆದುಕೊಡುವ ಪ್ರಮಾಣಕ್ಕೂ ಹೊತ್ತಿಗೂ ಅರ್ಥವೇನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬೆಳಿಗ್ಗೆಯ ಗುಳಿಗೆಯನ್ನು ಮರೆತು ರಾತ್ರಿ ಎರಡು ನುಂಗಿದರೆ ಲೆಕ್ಕ ಸರಿಯಾಗುವುದಿಲ್ಲ. ಬೆಳಿಗ್ಗೆ ಪೀಠಗಳು ಬರಿದಾಗಿದ್ದವು, ರಾತ್ರಿ ನೂಕುನುಗ್ಗಲಾಯಿತು, ಅಷ್ಟೇ. ಪೀಠಗಳೆಲ್ಲಾ ತುಂಬಿದ ಮೇಲೆ ಹೆಚ್ಚು ಸುರಿದ ಔಷಧವು ಗುಣವನ್ನು ಹೆಚ್ಚಿಸಲಾರದು. ತನಗೆ ಸಂಬಂಧಪಡದ ಬೇರೆ ಪೀಠಗಳನ್ನು ಹುಡುಕಿಕೊಂಡು ಹೋಗಿ ಕೆಡುಕನ್ನು ಮಾತ್ರ ಹೆಚ್ಚಿಸುತ್ತದೆ.

ಮನೆಯಲ್ಲಿ ಈ ತಡೆಗಾರಗಳನ್ನು ನಾವು ತಿಳಿಯದೆಯೇ ಬಳಸುತ್ತಿರುತ್ತೇವೆ. ಕಣ್ಣಿನ ವೈದ್ಯರು ಹನಿ ಹಾಕಿ ಕೂರಿಸಿದಾಗ ಪಾಪೆ ಅಗಲವಾಗಿ, ಕೈಯಲ್ಲಿರುವ ಅಕ್ಷರ ಮಸುಕಾಗುವುದುಂಟಲ್ಲವೆ? ಟ್ರೋಪಿಕಮೈಡ್ ಎಂಬ ಆ ಹನಿಯು ಕಣ್ಣಿನ ಮಸ್ಕರೀನಿಕ್ ಪೀಠಗಳನ್ನು ಕೆಲವು ಗಂಟೆಗಳ ಕಾಲ ಮುಚ್ಚುತ್ತದೆ. ಅಟ್ರೋಪೀನಿನ ಹನಿಯಾದರೆ ಹಲವು ದಿನಗಳೇ ಹಿಡಿಯುತ್ತವೆ. ನೆಗಡಿಗೂ ತುರಿಕೆಗೂ ಅಂಗಡಿಯಲ್ಲಿ ಕೇಳಿ ತರುವ ಕ್ಲೋರ್‌ಫೆನಿರಮೀನ್ ಮುಂತಾದ ಹಳೆಯ ಗುಳಿಗೆಗಳು ಹಿಸ್ಟಮೀನ್ ಎಂಬ ಬೇರೊಂದು ವಸ್ತುವಿನ ಪೀಠಕ್ಕಾಗಿ ಮಾಡಿದವಾದರೂ ಮಸ್ಕರೀನಿಕ್ ಪೀಠಗಳನ್ನೂ ಮುಚ್ಚುತ್ತವೆ. ಮೂಗು ಒಣಗುವುದರಲ್ಲಿ ಅದರ ಪಾಲುಂಟು. ಬಾಯಿ ಒಣಗುವುದೂ ಮಲಬದ್ಧತೆಯೂ ಅದರಿಂದಲೇ. ಎಳೆಯರಿಗೆ ಇದು ಅಷ್ಟಾಗಿ ಬಾಧಿಸದು. ಮನೆಯಲ್ಲಿರುವ ವಯಸ್ಸಾದ ಅಜ್ಜ ಅಜ್ಜಿಯರಿಗೆ ಮೂತ್ರ ಕಟ್ಟಿ, ಬುದ್ಧಿ ಮಂಕಾಗಿ, ಹಗಲು ರಾತ್ರಿ ತಿಳಿಯದಂತಾಗಬಹುದು. ಮುದಿತನದ ಮರೆವೆಂದು ಸುಮ್ಮನಾಗುವುದಕ್ಕೆ ಮುಂಚೆ, ಹೊಸದಾಗಿ ಯಾವ ಗುಳಿಗೆ ಆರಂಭವಾಯಿತೆಂದು ನೋಡಿ ವೈದ್ಯರನ್ನು ಕೇಳುವುದು ವಿವೇಕ.

ಇನ್ನು ಪ್ರಾಣದ ಪ್ರಶ್ನೆ. ಅಸಿಟೈಲ್‌ಕೋಲೀನ್ ತನ್ನ ಮಾತನ್ನು ಹೇಳಿ ಮುಗಿಸಿದ ಕೂಡಲೆ ಅದನ್ನು ಒಡೆದುಹಾಕುವ ಕಿಣ್ವವೊಂದು ನಮ್ಮಲ್ಲಿದೆ. ಮೋನೋಕ್ರೋಟೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾಗಿ ರಂಜಕ ಸೇರಿದ ಕೀಟನಾಶಕಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಅಸಿಟೈಲ್‌ಕೋಲೀನ್ ರಾಶಿ ಬೀಳುತ್ತದೆ. ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತವೆ, ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸಕೋಶವು ತನ್ನದೇ ದ್ರವದಿಂದ ತುಂಬುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಮೊದಲ ಮದ್ದು ಮೇಲೆ ಹೇಳಿದ ಅಟ್ರೋಪೀನೇ. ಎದುರಾಳಿಯ ಕೊಡಗಳು ರಾಶಿಯಾಗಿರುವುದರಿಂದ, ಬೇರೆ ಸಮಯದಲ್ಲಿ ವಿಷವೆನ್ನಬಹುದಾದಷ್ಟು ಪ್ರಮಾಣವನ್ನು ಎದೆಯ ಸದ್ದು ತಿಳಿಯಾಗುವವರೆಗೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಇಷ್ಟಾದರೂ ಅಪಾಯ ಮುಗಿಯಲಿಲ್ಲ. ಅಟ್ರೋಪೀನ್ ಮಸ್ಕರೀನಿಕ್ ಪೀಠವನ್ನು ಮಾತ್ರ ಕಾಯುತ್ತದೆ. ಉಸಿರೆಳೆಯುವ ಮಾಂಸಖಂಡಗಳ ಪೀಠಗಳು ನಿಕೋಟಿನಿಕ್ ಮನೆತನದವು, ಅವುಗಳ ಬಳಿ ಅದಕ್ಕೆ ಪ್ರವೇಶವಿಲ್ಲ. ರೋಗಿಯು ಚೇತರಿಸಿಕೊಂಡಂತೆ ತೋರಿ ಒಂದೆರಡು ದಿನಗಳ ಮೇಲೆ ಉಸಿರಾಟ ಸೋಲುವುದುಂಟು. ಅದಕ್ಕಾಗಿಯೇ ಉಸಿರಾಟದ ಯಂತ್ರವಿರುವ ಕಡೆ ಹಲವು ದಿನ ಇರಿಸಿಕೊಳ್ಳುತ್ತಾರೆ. ಮಾತನಾಡುತ್ತಿದ್ದಾನೆ, ಮನೆಗೆ ಕರೆದೊಯ್ಯುತ್ತೇವೆಂದು ಹಟಮಾಡುವುದು ಎಷ್ಟು ಅಪಾಯವೆಂಬುದನ್ನು ಇದರಿಂದ ತಿಳಿಯಬಹುದು. ಕಟ್ಟಿಹೋದ ಕಿಣ್ವವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದನ್ನು ಕೊಡುವುದುಂಟು. ಹೊತ್ತು ಕಳೆದಷ್ಟೂ ಅದರ ಫಲ ಕಡಮೆ.

ಈ ವಿಷವು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಆದುದರಿಂದ ಬಿದ್ದವನ ಬಟ್ಟೆಯನ್ನು ತೆಗೆದು ಮೈಯನ್ನು ಸಾಬೂನು ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಯನ್ನೂ ಕಾಪಾಡಿಕೊಳ್ಳಬೇಕು. ವಾಂತಿ ಮಾಡಿಸಲು ಹೋಗಬಾರದು; ಅದು ಶ್ವಾಸಕೋಶಕ್ಕೆ ಇಳಿಯಬಹುದು. ಔಷಧದ ಡಬ್ಬಿಯನ್ನು ಜೊತೆಯಲ್ಲಿಯೇ ಒಯ್ಯಬೇಕು. ಉಮ್ಮತ್ತದಲ್ಲಿ ಅಟ್ರೋಪೀನಿದೆಯಲ್ಲಾ ಎಂದು ಯಾರೂ ಅದನ್ನು ಅರೆದು ಕುಡಿಸಬಾರದು: ಕಾಯಿ ಕಾಯಿಗೂ ಸಾರದ ಪ್ರಮಾಣ ಬೇರೆ, ಅಳತೆಯಿಲ್ಲದ ಮದ್ದು ಎರಡನೆಯ ವಿಷವಾಗುತ್ತದೆ.

ಹಾವಿನ ಕಡಿತದಲ್ಲಿಯೂ ಇದೇ ಪೀಠಗಳ ಕಥೆ. ನಾಗರಹಾವಿನ ವಿಷದ ಒಂದು ಅಂಶವು ಮಾಂಸಖಂಡದ ನಿಕೋಟಿನಿಕ್ ಪೀಠವನ್ನು ಹಿಡಿದು ಕೂರುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ವಿಷಹರ ಚುಚ್ಚುಮದ್ದೇ ಇದರ ಮುಖ್ಯ ಚಿಕಿತ್ಸೆ. ಅದರೊಡನೆ ವೈದ್ಯರು ನಿಯೋಸ್ಟಿಗ್ಮೀನನ್ನು ಕೊಡುವುದುಂಟು. ಇದು ಕಿಣ್ವವನ್ನು ಸ್ವಲ್ಪ ಕಾಲ ತಡೆದು ಅಸಿಟೈಲ್‌ಕೋಲೀನನ್ನು ಹೆಚ್ಚಿಸಿ, ಪೀಠಕ್ಕಾಗಿ ನಡೆಯುವ ಸ್ಪರ್ಧೆಯಲ್ಲಿ ಅದಕ್ಕೆ ಬಲ ಕೊಡುತ್ತದೆ. ಆ ಹೆಚ್ಚಳದಿಂದ ಜೊಲ್ಲು ಸುರಿಯದಿರಲಿ, ಹೃದಯ ನಿಧಾನವಾಗದಿರಲಿ ಎಂದು ಜೊತೆಗೆ ಅಟ್ರೋಪೀನನ್ನೂ ಸೇರಿಸುತ್ತಾರೆ. ಗದ್ದೆಯಲ್ಲಿ ಕೊಲ್ಲುವ ಉಪಾಯವೇ ಆಸ್ಪತ್ರೆಯಲ್ಲಿ ಅಳತೆಗೆ ಒಳಪಟ್ಟು ಉಳಿಸುವ ಉಪಾಯವಾಗುವುದನ್ನು ಇಲ್ಲಿ ಕಾಣುತ್ತೇವೆ.

ಕೊನೆಗೆ ಅಡಿಕೆಗೇ ಬರಬೇಕಾಗಿದೆ. ಇದನ್ನು ಬರೆಯುವುದು ಸುಲಭವಲ್ಲ. ಈ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಅಡಿಕೆಯೇ ಆಧಾರ. ಸುಲಿದು, ಬೇಯಿಸಿ, ಚೊಗರು ಬಳಿದು, ಅಂಗಳದಲ್ಲಿ ಒಣಗಿಸಿದ ಅಡಿಕೆಯ ಹಣದಿಂದಲೇ ಹೆಣ್ಣುಮಕ್ಕಳ ಶಾಲೆಯ ಶುಲ್ಕ ಸಂದಾಯವಾಗುತ್ತದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಆದರೂ ಪೀಠದ ಪಾಠವನ್ನು ಅರ್ಧಕ್ಕೆ ನಿಲ್ಲಿಸಬಾರದು. ಒಂದು ವಸ್ತುವು ತನ್ನ ಪೀಠದಲ್ಲಿ ಕುಳಿತು ಮಾಡುವ ಕೆಲಸವೇ ಅದರ ಎಲ್ಲಾ ಕೆಲಸವಲ್ಲ. ಅಡಿಕೆಯ ಸಾರಗಳು ಕೆನ್ನೆಯ ಒಳಪದರದಲ್ಲಿ ನಾರುಗಳನ್ನು ಬೆಳೆಸುತ್ತವೆ. ಅಡಿಕೆಯಲ್ಲಿರುವ ತಾಮ್ರದ ಅಂಶವು ಆ ನಾರುಗಳನ್ನು ಗಟ್ಟಿಮಾಡಲು ನೆರವಾಗುತ್ತದೆ. ಕೆನ್ನೆಯು ಬಿಗಿದು, ಖಾರ ತಾಗಿದರೆ ಉರಿದು, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇಂಥ ಬಾಯಲ್ಲಿ ಕೆಲವರಿಗೆ ಕ್ಯಾನ್ಸರ್ ತಲೆಯೆತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಗುಟ್ಕಾವನ್ನು ಕರ್ನಾಟಕ ಸರ್ಕಾರವು 2013ರಲ್ಲಿ ನಿಷೇಧಿಸಿತು. ಆದರೆ ಸಿಹಿ ಬೆರೆಸಿದ ಅಡಿಕೆಪುಡಿಯ ಪೊಟ್ಟಣವನ್ನು ಮಗುವಿನ ಕೈಗೆ ಕೊಡುವ ಅಥವಾ ಕೊಡದಿರುವ ನಿರ್ಧಾರವು ಮನೆಯವರದೇ.

ತಾಯಿತಂದೆಗಳು ಒಂದು ಸುಲಭ ಪರೀಕ್ಷೆಯನ್ನು ಮಾಡಿನೋಡಬಹುದು. ಮಕ್ಕಳಿಗೆ ಬಾಯಿ ಅಗಲವಾಗಿ ತೆರೆಯುವಂತೆ ಹೇಳಿ, ಅವರದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಹಲ್ಲುಗಳ ನಡುವೆ ಇಡಿಸಿರಿ. ಬೆರಳು ಹಿಡಿಸದಿದ್ದರೆ, ಅಥವಾ ಸಾರಿನ ಖಾರವನ್ನು ಹಿಂದೆ ಸಹಿಸುತ್ತಿದ್ದ ಮಗು ಈಗ ಬಾಯಿ ಉರಿಯೆನ್ನುತ್ತಿದ್ದರೆ, ಬೈಯುವುದಕ್ಕೆ ಮುಂಚೆ ದಂತವೈದ್ಯರ ಬಳಿಗೆ ಕರೆದೊಯ್ಯಿರಿ. ಬಿಗಿದ ನಾರುಗಳು ಮತ್ತೆ ಮೊದಲಿನಂತಾಗುವುದು ಕಷ್ಟ; ಆದರೆ ಅಗಿಯುವುದನ್ನು ಅಂದೇ ನಿಲ್ಲಿಸಿದರೆ ಮುಂದಿನ ಅಪಾಯವು ಕಡಮೆಯಾಗುತ್ತದೆ.